ಯಾದಗಿರಿಯ ರಸ್ತೆ, ಮಿರಾಮಾರ್‌ನ ಕಡಲು

ಯಾದಗಿರಿ ಪೇಟೆಯನ್ನು ದಾಟಿ ಶಹಾಪುರದ ಕಡೆಗೆ ಹೊರಟವರಿಗೆ ಮೊದಲು ಎದುರಾಗುವುದು ಭೀಮಾ ನದಿಯ ಸೇತುವೆ. ಅಕ್ಟೋಬರ್ ತಿಂಗಳ ನಸುಕಿನಲ್ಲಿ ಅಲ್ಲಿ ನಿಂತರೆ ಹಿಂದೆ ಯಾದಗಿರಿಯ ಕೋಟೆಗುಡ್ಡ, ಮುಂದೆ ಎರೆಹೊಲಗಳ ನಡುವೆ ಹಾದುಹೋಗುವ ರಸ್ತೆ, ಕೆಳಗೆ ಮಳೆಗಾಲದ ಕೆಂಪು ಇನ್ನೂ ಪೂರ್ತಿ ಇಳಿಯದ ನೀರು. ಓಡಲು ಗುಡ್ಡ, ಸೈಕಲ್ ತುಳಿಯಲು ರಸ್ತೆ, ಈಜಲು ಹೊಳೆ. ಮೂರೂ ಒಂದೇ ನೋಟಕ್ಕೆ ಸಿಗುತ್ತವೆ. ಟ್ರಯಥ್ಲಾನ್ ಎಂಬ ಸ್ಪರ್ಧೆಗೆ ಬೇಕಾದದ್ದೂ ಈ ಮೂರೇ. ಇದನ್ನು ನೋಡಿದ ಹುಡುಗನೊಬ್ಬನಿಗೆ ತಾನೂ ಯಾಕೆ ಆ ಸ್ಪರ್ಧೆಗೆ ಇಳಿಯಬಾರದು ಎನಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಮೂರರಲ್ಲಿ ಒಂದು ಕಣ್ಣಿಗೆ ಕಂಡಷ್ಟು ಸುಲಭವಾಗಿ ಕೈಗೆ ಸಿಗುವಂಥದ್ದಲ್ಲ.

ಈಜು, ಸೈಕಲ್ ಮತ್ತು ಓಟವನ್ನು ನಡುವೆ ವಿರಾಮವಿಲ್ಲದೆ ಮುಗಿಸುವ ಈ ಆಟ ಹಳೆಯದೇನಲ್ಲ. ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ 1974ರಲ್ಲಿ ಟ್ರಯಥ್ಲಾನ್ ಎಂಬ ಹೆಸರಿನ ಸಣ್ಣ ಸ್ಪರ್ಧೆಯೊಂದು ನಡೆಯಿತು. ದೂರದ ಸ್ಪರ್ಧೆ ಹುಟ್ಟಿದ್ದು ಹವಾಯಿ ದ್ವೀಪದಲ್ಲಿ, ಒಂದು ವಾದದಿಂದ. ಈಜುಗಾರ, ಓಟಗಾರ, ಸೈಕಲ್ ಸವಾರ ಇವರಲ್ಲಿ ಯಾರ ದೇಹ ಹೆಚ್ಚು ಗಟ್ಟಿ? ಜಾನ್ ಕಾಲಿನ್ಸ್ ಎಂಬ ನೌಕಾಪಡೆಯ ಅಧಿಕಾರಿ, ಅಲ್ಲಿ ಆಗಲೇ ಇದ್ದ ಮೂರು ಬೇರೆ ಬೇರೆ ದಾರಿಗಳನ್ನು ಒಂದೇ ದಿನಕ್ಕೆ ಕಟ್ಟಿಹಾಕಿದರೆ ಉತ್ತರ ಸಿಗುತ್ತದೆ ಎಂದ. 1978ರ ಫೆಬ್ರುವರಿ 18ರಂದು 15 ಮಂದಿ ಹೊರಟರು, 12 ಮಂದಿ ಮುಟ್ಟಿದರು. ಗಾರ್ಡನ್ ಹಾಲರ್ ಎಂಬಾತ 11 ಗಂಟೆ 46 ನಿಮಿಷಗಳಲ್ಲಿ ಮುಗಿಸಿ ಮೊದಲಿಗನಾದ. ಅದಕ್ಕೆ ಐರನ್‌ಮ್ಯಾನ್ ಎಂಬ ಹೆಸರು ನಿಂತಿತು. ಈಗ ಅದರ ಅಳತೆ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. ಇದರ ಸರಿಯಾಗಿ ಅರ್ಧವನ್ನು, ಅಂದರೆ 1.9, 90 ಮತ್ತು 21.1 ಕಿ.ಮೀ.ಗಳನ್ನು, ಒಟ್ಟು ಮೈಲಿಗಳ ಲೆಕ್ಕದಲ್ಲಿ 70.3 ಎಂದು ಕರೆಯುತ್ತಾರೆ.

ಭಾರತದಲ್ಲಿ 70.3 ಸ್ಪರ್ಧೆ ಗೋವಾದ ಪಣಜಿಯಲ್ಲಿ, ಮಿರಾಮಾರ್ ಕಡಲತೀರದಿಂದ, 2019ರ ಅಕ್ಟೋಬರ್ 20ರಂದು ಆರಂಭವಾಯಿತು. ಕೋವಿಡ್ ಕಾರಣ 2020 ಮತ್ತು 2021ರಲ್ಲಿ ನಡೆಯಲಿಲ್ಲ. 2022ರಿಂದ ಮತ್ತೆ ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ನಡೆದುಬಂದಿದೆ. ಬೆಂಗಳೂರಿನ ಸಂಸದ ತೇಜಸ್ವಿ ಸೂರ್ಯ 2024ರಲ್ಲಿ ಇದನ್ನು ಎಂಟೂವರೆ ಗಂಟೆಯ ಗಡುವಿಗೆ ಕೆಲವೇ ನಿಮಿಷ ಮೊದಲು ಮುಗಿಸಿದಾಗ ಪತ್ರಿಕೆಗಳಲ್ಲಿ ಚಿತ್ರ ಬಂತು, ಹಳ್ಳಿಗಳವರೆಗೂ ಸುದ್ದಿ ಮುಟ್ಟಿತು. ಕೊಲ್ಹಾಪುರದಲ್ಲೂ ಬರ್ಗ್‌ಮನ್ ಎಂಬ ಹೆಸರಿನಲ್ಲಿ ಇದೇ 113 ಕಿ.ಮೀ. ಅಳತೆಯ ಸ್ಪರ್ಧೆಗಳು ನಡೆದಿವೆ. ಅಲ್ಲಿ ಈಜು ಕೆರೆಯ ಸಿಹಿನೀರಿನಲ್ಲಿ. ಪೂರ್ತಿ ದೂರವೇ ಬೇಕೆಂದರೆ ನವೆಂಬರ್ ಹೊತ್ತಿಗೆ ಮಲೇಷ್ಯಾದ ಲಂಕಾವಿಗೆ ಹೋಗಬೇಕು. ಹವಾಯಿಯ ಕೋನಾದಲ್ಲಿ ಅಕ್ಟೋಬರ್‌ನಲ್ಲಿ ನಡೆಯುವ ಜಾಗತಿಕ ಸ್ಪರ್ಧೆಗಂತೂ ಬೇರೆಡೆ ಅರ್ಹತೆ ಪಡೆದಿರಬೇಕು. ಆಶ್ವಯುಜ, ಕಾರ್ತಿಕ ಮಾಸಗಳಲ್ಲಿ ಏನಾದರೂ ಮಾಡಬೇಕೆಂಬ ವಿದ್ಯಾರ್ಥಿಗೆ ಮಲೇಷ್ಯಾ, ಹವಾಯಿ ಎರಡೂ ಸದ್ಯಕ್ಕೆ ಚಿತ್ರದಲ್ಲಿ ನೋಡುವಂಥವು. ಮೊದಲ ಸಲಕ್ಕೆ ಅರ್ಧ ದೂರವೇ ಸಾಕು, ಅದೂ ಹೆಚ್ಚೇ.

ಹಾಗಾದರೆ ಯಾವುದನ್ನು ಆರಿಸಬೇಕು? ಇದಕ್ಕೆ ಉತ್ತರ ಸ್ಪರ್ಧೆಯ ಪ್ರಕಟಣೆಯಲ್ಲಿ ಸಿಗುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ನಡುವಿನ ದಾರಿಯಲ್ಲಿ ಸಿಗುತ್ತದೆ.

ಯಾದಗಿರಿಯಿಂದ ಶಹಾಪುರಕ್ಕೆ ಸುಮಾರು 35 ಕಿ.ಮೀ., ಅಲ್ಲಿಂದ ಸುರಪುರಕ್ಕೆ ಹೆಚ್ಚುಕಡಿಮೆ 26. ಸುರಪುರ ಮುಟ್ಟಿ ಹಿಂದಿರುಗಿ ಶಹಾಪುರಕ್ಕೆ ಬಂದರೆ 90ಕ್ಕೆ ತೀರಾ ಹತ್ತಿರ. ಯಾರೋ ಅಳೆದು ಇಟ್ಟಂತಿದೆ! ದೋರನಹಳ್ಳಿ ದಾಟಿ ಹೋಗುವ ಈ ದಾರಿ ಬಹುಮಟ್ಟಿಗೆ ಸಮತಟ್ಟು. ಶಹಾಪುರ ಸಮೀಪಿಸಿದಂತೆ ಗುಡ್ಡಗಳು ಏಳುತ್ತವೆ. ಒಂದು ಕೋನದಿಂದ ನೋಡಿದರೆ ಆ ಗುಡ್ಡಸಾಲು ಅಂಗಾತ ಮಲಗಿದ ಬುದ್ಧನಂತೆ ಕಾಣುತ್ತದೆ. ಹಣೆ, ಮೂಗು, ಗಲ್ಲ, ಎದೆ ಎಲ್ಲವನ್ನೂ ಗುರುತಿಸಬಹುದು. ಸೈಕಲ್ ಸವಾರ ಮಾತ್ರ ಅದನ್ನು ನೋಡುತ್ತ ಹೋಗಬಾರದು. ಹತ್ತಿ ಹೇರಿದ ಲಾರಿಗಳು, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರುಗಳು, ಸುಗ್ಗಿ ಕಾಲದಲ್ಲಿ ಡಾಂಬರಿನ ಮೇಲೆಯೇ ಹರವಿದ ರಾಶಿ, ಅಂಚಿನಲ್ಲಿ ಜಾಲಿಮುಳ್ಳು, ಇವುಗಳ ಮೇಲೆ ಕಣ್ಣಿರಬೇಕು. ಒಂದು ಹೆಚ್ಚುವರಿ ಟ್ಯೂಬ್, ಪಂಪು ಮತ್ತು ಪಂಕ್ಚರ್ ತಿದ್ದುವ ಕೈ ಈ ದಾರಿಯಲ್ಲಿ ಅಗತ್ಯ. ಸ್ಪರ್ಧೆಯಲ್ಲೂ ಹೊರಗಿನವರು ಬಂದು ಚಕ್ರ ಬಿಚ್ಚಿಕೊಡುವಂತಿಲ್ಲ.

ಗಾಳಿಯೂ ಇಲ್ಲಿ ಒಬ್ಬ ಮೇಷ್ಟ್ರು. ಯಾದಗಿರಿಯಿಂದ ಶಹಾಪುರ ಪಶ್ಚಿಮಕ್ಕಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ. ಮುಂಗಾರು ಹಿಂದೆ ಸರಿದ ಮೇಲೆ ಗಾಳಿ ಈಶಾನ್ಯಕ್ಕೆ ತಿರುಗುತ್ತದೆ, ಲೆಕ್ಕ ತಲೆಕೆಳಗಾಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 20 ಕಿ.ಮೀ. ಹೋಗುತ್ತಿದ್ದವನು 30ಕ್ಕೆ ಏರಿದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಮೂರು ಪಟ್ಟಿಗೂ ಹೆಚ್ಚು. ಒಂಬತ್ತನೆಯ ತರಗತಿಯ ಭೌತಶಾಸ್ತ್ರವನ್ನು ತೊಡೆಗಳಿಗೆ ಪಾಠ ಮಾಡುವ ರಸ್ತೆ ಇದು.

ಓಟಕ್ಕೂ ಇಲ್ಲಿ ಕೊರತೆಯಿಲ್ಲ. ಯಾದಗಿರಿಯ ಕೋಟೆಗುಡ್ಡದ ಮೆಟ್ಟಿಲುಗಳನ್ನು ವಾರಕ್ಕೆರಡು ಸಲ ಹತ್ತಿಳಿಯುವವನ ಮೊಣಕಾಲು ಪಣಜಿಯ ರಸ್ತೆಯಲ್ಲಿ ಸೋಲುವುದಿಲ್ಲ. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದಿಂದ ನೂರಾರು ಕಿಲೋಮೀಟರು ನಡೆದು ಶ್ರೀಶೈಲಕ್ಕೆ ಹೋಗುವವರನ್ನು ಈ ಸೀಮೆಯ ಮಕ್ಕಳು ಕಂಡಿದ್ದಾರೆ. ದಾರಿಯುದ್ದಕ್ಕೂ ಅವರಿಗೆ ಮಜ್ಜಿಗೆ, ಅನ್ನ, ಕಾಲಿಗೆ ಎಣ್ಣೆ ಕೊಡುವ ದಾಸೋಹದ ಚಪ್ಪರಗಳಿರುತ್ತವೆ. ದೂರದ ಸ್ಪರ್ಧೆಗಳಲ್ಲಿ ಎರಡು ಕಿಲೋಮೀಟರಿಗೊಂದು ಮೇಜಿಟ್ಟು ನೀರು, ಬಾಳೆಹಣ್ಣು ಕೊಡುವುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಚಪ್ಪರದಲ್ಲಿ ಕೊಡುವ ಊಟ ಮಾತ್ರ ಖಂಡಿತ ಹೆಚ್ಚು ರುಚಿ.

ಉಳಿದದ್ದು ನೀರು. ತಂದೆ ತಾಯಿ ಹೆದರುವುದು ಇದಕ್ಕೇ, ಹೆದರಬೇಕಾದದ್ದೂ ಇದಕ್ಕೇ.

ಈ ಭಾಗದ ಹುಡುಗರು ಈಜು ಕಲಿತದ್ದು ಹೊಲದ ಬಾವಿಗಳಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಮೇಲೆ ನಿಂತ ಕಾಕಾನೋ ಮಾಮಾನೋ ತಳ್ಳಿಬಿಡುತ್ತಿದ್ದ ಕಾಲ ಅದು. ಬಾವಿ ಧೈರ್ಯ ಕಲಿಸುತ್ತದೆ, ದೂರ ಕಲಿಸುವುದಿಲ್ಲ. ಹತ್ತು ಮೀಟರ್ ಅಗಲದ ಬಾವಿಯಲ್ಲಿ 1.9 ಕಿ.ಮೀ. ಆಗಬೇಕಾದರೆ 190 ಸಲ ಅಡ್ಡ ಹಾಯಬೇಕು. ಪ್ರತಿ ಹತ್ತು ಮೀಟರಿಗೆ ಗೋಡೆ ಹಿಡಿದು ಉಸಿರು ತೆಗೆದುಕೊಳ್ಳುವವನಿಗೆ ಕಡಲಿನಲ್ಲಿ ಗೋಡೆ ಎಲ್ಲಿಂದ ಬರಬೇಕು?

ಬಾವಿ ಬಿಟ್ಟರೆ ಹೊಳೆ. ಸುರಪುರದಿಂದ ಲಿಂಗಸುಗೂರಿನ ಕಡೆಗೆ ಹೋಗುವಾಗ ತಿಂಥಣಿಯಲ್ಲಿ ಕೃಷ್ಣೆ ಸಿಗುತ್ತಾಳೆ. ದಂಡೆಯ ಮೇಲೆ ಮೌನೇಶ್ವರನ ಗುಡಿ. ನೋಡಲು ಚೆಂದ, ನಿಂತು ಕಣ್ತುಂಬಿಕೊಳ್ಳಬೇಕಾದ ಜಾಗ. ಆದರೆ ‘ಹೊಳಿಗಿ ಇಳಿಬ್ಯಾಡ ತಮ್ಮಾ, ಮೊಸಳಿ ಅದಾವ’ ಎಂದು ಅವ್ವಂದಿರು ಹೇಳುವುದು ಬರೀ ಬೆದರಿಕೆಯಲ್ಲ. ಕೃಷ್ಣೆಯಲ್ಲಿ ಮೊಸಳೆಗಳಿರುವುದು ನಿಜ. ಮೇಲ್ಗಡೆ ನಾರಾಯಣಪುರದಲ್ಲಿ 1982ರಲ್ಲಿ ಮುಗಿದ ಬಸವಸಾಗರ ಅಣೆಕಟ್ಟಿದೆ. ಅಲ್ಲಿ ಗೇಟು ಎತ್ತಿದರೆ ಬಂಡೆ ಕಾಣುತ್ತಿದ್ದ ಪಾತ್ರ ತುಂಬಿ ಹರಿಯುತ್ತದೆ. ನದಿಯ ನಡುವೆ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆಯಿದೆ. ಪ್ರವಾಹ ಬಂದಾಗ ಆಸ್ಪತ್ರೆಗಾಗಿ, ಸಂತೆಗಾಗಿ ಬುರುಡೆ ಕಟ್ಟಿಕೊಂಡು ಈ ಹೊಳೆಯನ್ನು ಈಜಿ ದಾಟಿದವರು ಅಲ್ಲಿದ್ದಾರೆ. ಅವರ ಮುಂದೆ ಯಾವ ಪದಕವೂ ಸಣ್ಣದೇ. ಆದರೆ ಅವರು ಈಜಿದ್ದು ಬೇರೆ ದಾರಿಯಿಲ್ಲದೆ. ಬೇರೆ ದಾರಿ ಇರುವವನು ಅವರನ್ನು ಅನುಕರಿಸಬಾರದು.

ಒಂದು ಸಣ್ಣ ಲೆಕ್ಕ ಮಾಡಿದರೆ ಇದು ಸ್ಪಷ್ಟವಾಗುತ್ತದೆ. 70.3 ಸ್ಪರ್ಧೆಯಲ್ಲಿ ಈಜಿಗೆ ಸಾಮಾನ್ಯವಾಗಿ ಕೊಡುವ ಗಡುವು 1 ಗಂಟೆ 10 ನಿಮಿಷ. ಅಷ್ಟರಲ್ಲಿ 1900 ಮೀಟರ್ ಮುಗಿಸುವವನ ವೇಗ ಸೆಕೆಂಡಿಗೆ ಅರ್ಧ ಮೀಟರಿಗಿಂತಲೂ ಕಡಿಮೆ. ತುಂಬಿದ ಹೊಳೆ ಇದರ ಎರಡು ಮೂರು ಪಟ್ಟು ವೇಗದಲ್ಲಿ ಹರಿಯಬಲ್ಲದು. ಅಂದರೆ ಪ್ರವಾಹಕ್ಕೆ ಎದುರಾಗಿ ಅವನು ಎಷ್ಟೇ ಕೈ ಬೀಸಿದರೂ ಹಿಂದಕ್ಕೇ ಹೋಗುತ್ತಾನೆ. ಕಾಲುವೆಗಳು ಇನ್ನೂ ಮೋಸ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಮೇಲ್ನೋಟಕ್ಕೆ ಶಾಂತ. ಕೆಳಗೆ ಸೆಳೆತ, ಇಳಿಜಾರಾದ ಕಾಂಕ್ರೀಟು ದಂಡೆಯಲ್ಲಿ ಪಾಚಿ, ಹಿಡಿದು ಮೇಲೆ ಬರಲು ಬೇರೂ ಇಲ್ಲ, ಕಲ್ಲೂ ಇಲ್ಲ. ಚೆನ್ನಾಗಿ ಈಜು ಬಲ್ಲವರೇ ಇಂಥಲ್ಲಿ ಸಾಯುತ್ತಾರೆ, ಬಾರದವರು ಇಳಿಯುವುದೇ ಇಲ್ಲವಲ್ಲ. ಇನ್ನು ಸುರಪುರ ತಾಲ್ಲೂಕಿನ ಬೋನಾಳ ಕೆರೆ. ಸುರಪುರದ ಅರಸರ ಕಾಲದ್ದು, ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸುಧಾರಿಸಿದ್ದು. ಅದು ಪಕ್ಷಿಧಾಮ. ಚಳಿಗಾಲಕ್ಕೆ ಬರುವ ಅತಿಥಿಗಳಿಗೆ ಮೀಸಲಾದ ನೀರು, ಅಲ್ಲಿ ದಡದಲ್ಲಿ ಕುಳಿತು ನೋಡುವುದಷ್ಟೇ ಮನುಷ್ಯರ ಕೆಲಸ.

ಇನ್ನೊಂದು ತೊಡಕು ಕಾಲದ್ದು. ಅಕ್ಟೋಬರ್, ನವೆಂಬರ್ ಸ್ಪರ್ಧೆಗೆ ಈಜಿನ ಅಭ್ಯಾಸ ಗಟ್ಟಿಯಾಗಬೇಕಾದದ್ದು ಜುಲೈನಿಂದ ಸೆಪ್ಟೆಂಬರ್ ಒಳಗೆ. ಹೊಳೆಗಳು ಕೆರಳಿರುವುದೂ ಅದೇ ತಿಂಗಳುಗಳಲ್ಲಿ. ಆದ್ದರಿಂದ ಕಲಬುರಗಿಯಲ್ಲಾಗಲಿ, ಓದಲು ಹೋದ ಬೇರೆ ಊರಿನಲ್ಲಾಗಲಿ ಅಳತೆಯ ಈಜುಕೊಳ, ಕಲಿಸುವವರು, ಕಾವಲಿಗೆ ನಿಂತವರು ಸಿಕ್ಕದೆ ಹೋದರೆ ಆ ವರ್ಷದ ಸ್ಪರ್ಧೆಯನ್ನು ಕೈಬಿಡುವುದೇ ಸರಿ. 25 ಮೀಟರಿನ ಕೊಳದಲ್ಲಿ 76 ಉದ್ದ, ಗೋಡೆ ಹಿಡಿದು ನಿಲ್ಲದೆ. ಗಣೇಶ ಚೌತಿಯ ಹೊತ್ತಿಗೆ ಇದು ಒಂದು ಗಂಟೆಯೊಳಗೆ ಬಾರದಿದ್ದರೆ ಹಣ ಕಟ್ಟಬಾರದು. ಪ್ರವೇಶಧನವೇ ಹತ್ತಾರು ಸಾವಿರ ರೂಪಾಯಿ. ಒಮ್ಮೆ ಕಟ್ಟಿದ ಮೇಲೆ ‘ಇಷ್ಟು ದುಡ್ಡು ಹೋಯಿತಲ್ಲ’ ಎಂಬ ಸಂಕಟವೇ ಹುಡುಗನನ್ನು ನೀರಿಗೆ ತಳ್ಳಿಬಿಡುತ್ತದೆ. ಇಂಥ ಸ್ಪರ್ಧೆಗೆ 18 ವರ್ಷದ ಮಿತಿ ಇದೆ. ಅಂದರೆ ಪಿಯುಸಿ ಓದುವವರಿಗೆ ಕಾಯಲು ಹೇಗೂ ಸಮಯವಿದೆ, ಈ ಮಟ್ಟಿಗೆ ನಿಯಮ ಮಾಡಿದವರು ತಂದೆ ತಾಯಿಯರ ಪಕ್ಷ.

ಕಡಲು ಒಂದು ರಿಯಾಯಿತಿ ಕೊಡುತ್ತದೆ. ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಸಾಂದ್ರ. 60 ಕಿಲೋ ತೂಕದವನನ್ನು ಅದು ಒಂದೂವರೆ ಕಿಲೋದಷ್ಟು ಹೆಚ್ಚಾಗಿ ಮೇಲೆತ್ತುತ್ತದೆ. ಅಲೆ ಮಾತ್ರ ಹಾಗೆ ಕನಿಕರ ತೋರದು. ಹತ್ತಿಪ್ಪತ್ತು ಕೈಗೊಮ್ಮೆ ತಲೆ ಎತ್ತಿ ತೇಲುಬುರುಡೆಯ ಗುರುತು ನೋಡದಿದ್ದರೆ ದಿಕ್ಕು ತಪ್ಪುತ್ತದೆ. ಕಡಲನ್ನೇ ಕಾಣದವನು ಸ್ಪರ್ಧೆಯ ದಿನವೇ ಮೊದಲ ಸಲ ಅದಕ್ಕೆ ಇಳಿಯಬಾರದು. ಎರಡು ಮೂರು ದಿನ ಮೊದಲೇ ಹೋಗಿ ಬಲ್ಲವರ ಜೊತೆಯಲ್ಲಿ ಇಳಿದು ನೋಡಬೇಕು. ಅಷ್ಟು ಬಿಡುವಿಲ್ಲದವನಿಗೆ ಕೆರೆಯ ಈಜಿರುವ ಸ್ಪರ್ಧೆಯೇ ವಾಸಿ.

ಸೆಖೆಯ ವಿಷಯದಲ್ಲಿ ಯಾದಗಿರಿಯವರಿಗೆ ಒಂದು ಹೆಮ್ಮೆ ಇದೆ, ಅದೂ ಸ್ವಲ್ಪ ಮೋಸದ ಹೆಮ್ಮೆ. ಮೇ ತಿಂಗಳಲ್ಲಿ 42, 43 ಡಿಗ್ರಿ ತಡೆದವರಿಗೆ ಗೋವಾದ 32 ಯಾವ ಲೆಕ್ಕ ಎಂದುಕೊಳ್ಳುತ್ತಾರೆ. ದೇಹ ತಂಪಾಗುವುದು ಬೆವರು ಸುರಿಯುವುದರಿಂದಲ್ಲ, ಆರುವುದರಿಂದ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಎರೆಸೀಮೆಯ ಒಣಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಕರಾವಳಿಯ ತೇವದಲ್ಲಿ ತೊಟ್ಟಿಕ್ಕುತ್ತದೆ, ನೆಲಕ್ಕೆ ಬಿದ್ದ ಹನಿ ಯಾರನ್ನೂ ತಂಪು ಮಾಡುವುದಿಲ್ಲ. ಹಾಗಾಗಿ ಅಲ್ಲಿ ಓಟ ನಿಧಾನವಾಗಲೇಬೇಕು. ಬರೀ ನೀರನ್ನೇ ಗಟಗಟ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆ ತಿರುಗಿ ಬೀಳುವ ಅಪಾಯವೂ ಇದೆ. ಉಪ್ಪು ಬೆರೆಸಿದ ಮಜ್ಜಿಗೆ ಕುಡಿದು ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ದೇಹ ಕೂಡಿಟ್ಟ ಸಕ್ಕರೆಯ ದಾಸ್ತಾನು ಎರಡು ಸಾವಿರ ಕಿಲೋಕ್ಯಾಲರಿಯ ಆಸುಪಾಸು. ಈ ಸ್ಪರ್ಧೆ ಅದರ ಇಮ್ಮಡಿಯನ್ನು ಕೇಳುತ್ತದೆ. ಶೇಂಗಾ ಹೋಳಿಗೆ, ಬಾಳೆಹಣ್ಣು, ಬೆಲ್ಲ ಸೈಕಲ್ಲಿನ ಮೇಲೆ ಹೊಟ್ಟೆಗೆ ಹಿಡಿಸುತ್ತವೆಯೇ ಎಂಬುದನ್ನು ಶಹಾಪುರದ ರಸ್ತೆಯಲ್ಲೇ ಪರೀಕ್ಷಿಸಿಕೊಳ್ಳಬೇಕು.

ಈ ಎಲ್ಲ ಲೆಕ್ಕ ಕೂಡಿಸಿದರೆ, ರಸ್ತೆಯೂ ಗುಡ್ಡವೂ ಇರುವ ಈ ಊರುಗಳಿಂದ ಮೊದಲ ಸಲ ಹೊರಡುವವರಿಗೆ ಗೋವಾದಲ್ಲಿ ಇನ್ನೊಂದು ದಾರಿ ಇದೆ. ಅದು ಮೂವರ ತಂಡ. ಒಬ್ಬರು ಈಜುವುದು, ಒಬ್ಬರು ಸೈಕಲ್ ತುಳಿಯುವುದು, ಒಬ್ಬರು ಓಡುವುದು. ಈಜುಕೊಳದಲ್ಲಿ ಪಳಗಿದವರು ಮೂವರಲ್ಲಿ ಒಬ್ಬರಿದ್ದರೆ ಸಾಕು. ಖರ್ಚೂ ಹಂಚಿಹೋಗುತ್ತದೆ. ಯಾದಗಿರಿಯಲ್ಲಿ ಮುಂಬೈ–ಚೆನ್ನೈ ಮಾರ್ಗದ ರೈಲು ಹಿಡಿದು ಗುಂತಕಲ್ಲಿನಲ್ಲಿ ಇಳಿದರೆ, ಅಲ್ಲಿಂದ ಬಳ್ಳಾರಿ, ಹುಬ್ಬಳ್ಳಿ ಹಾದು ಕ್ಯಾಸಲ್‌ರಾಕ್‌ನ ಘಟ್ಟ ಇಳಿಯುವ ದಾರಿ. ಸೈಕಲ್ಲಿನ ಚಕ್ರ ಬಿಚ್ಚಿ, ರಟ್ಟಿನ ಪೆಟ್ಟಿಗೆಗೆ ತುಂಬಿ, ಮೇಲೆ ಹಗ್ಗ ಬಿಗಿದು ಒಯ್ಯಬೇಕು.

ತಂಡದ ಸ್ಪರ್ಧೆಯಲ್ಲಿ ಸಮಯ ಅಳೆಯುವ ಒಂದು ಪುಟ್ಟ ಪಟ್ಟಿಯನ್ನು ಕಾಲಿನ ಗಂಟಿಗೆ ಕಟ್ಟಿರುತ್ತಾರೆ. ಕಡಲಿನಿಂದ ಎದ್ದು ಬಂದ ಸುರಪುರದವನ ಕಾಲಿನಿಂದ ಅದನ್ನು ಬಿಚ್ಚಿ ಸೈಕಲ್ ಹಿಡಿದು ಕಾದಿರುವ ಶಹಾಪುರದವಳ ಕಾಲಿಗೆ, 90 ಕಿಲೋಮೀಟರಿನ ನಂತರ ಅವಳ ಕಾಲಿನಿಂದ ಯಾದಗಿರಿಯವನ ಕಾಲಿಗೆ. ಆಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ ಉಳಿಯುವುದು ಅವನೊಬ್ಬನ 21 ಕಿಲೋಮೀಟರು.