ಎಡ ಹಾಯಿ, ಬಲ ಹಾಯಿ

ಫ್ಲವರ್ ಮೌಂಡಿನ ನಮಗೆ ಸಮುದ್ರ ಕಾಣಬೇಕಾದರೆ ಐದು ಗಂಟೆ ಕಾರು ಓಡಿಸಬೇಕು. ಸ್ಪ್ರಿಂಗ್ ಬ್ರೇಕ್ ಬಂತೆಂದರೆ ಸಾಕು, ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಗ್ಯಾಲ್ವೆಸ್ಟನ್ನಿಗೆ ಹೊರಟೆವೆಂದೇ ಲೆಕ್ಕ. ಅಲ್ಲಿ ದಡದುದ್ದಕ್ಕೂ ನೀಲಿ ಬಲೂನು ಚೆಲ್ಲಿದಂತೆ ಕಂಡರೆ ಮೊದಲು ಮಕ್ಕಳ ಕೈ ಹಿಡಿದುಕೊಳ್ಳಿ! ಅವು ಪೋರ್ಚುಗೀಸ್ ಮ್ಯಾನ್ ಓ ವಾರ್. ನೇರಳೆ ಬಾವುಟ ಹಾರಿಸಿದ್ದರೆ ನೀರಿನಲ್ಲಿ ಕುಟುಕುವ ಜೀವಿಗಳಿವೆ ಎಂದರ್ಥ.

ನೋಡಲು ಜೆಲ್ಲಿಫಿಶ್‌ನಂತಿದ್ದರೂ ಇದು ಅದಲ್ಲ. ನಮ್ಮ ಹಳೆಯ ಕೂಡುಕುಟುಂಬದಂತೆ ಹಲವರು ಸೇರಿ ನಡೆಸುವ ಸಂಸಾರ: ತೇಲಿಸುವುದು ಒಬ್ಬರ ಕೆಲಸ, ಬೇಟೆ ಇನ್ನೊಬ್ಬರದು, ಜೀರ್ಣಿಸುವುದು ಮತ್ತೊಬ್ಬರದು. ಕುಟುಕುವ ಎಳೆಗಳು 10 ಮೀಟರಿಗೂ ಉದ್ದ ಇಳಿಬೀಳುತ್ತವೆ. ಸತ್ತು ಮರಳಿನಲ್ಲಿ ಬಿದ್ದ ಮೇಲೂ ಆ ಎಳೆ ಕುಟುಕಬಲ್ಲದು.

ಇಷ್ಟೆಲ್ಲ ಇದ್ದೂ ಇದಕ್ಕೆ ಈಜಲು ಬಾರದು. ಗಾಳಿ, ಪ್ರವಾಹ ಒಯ್ದತ್ತ ಹೋಗಬೇಕು. ಮೆಕ್ಸಿಕೋ ಕೊಲ್ಲಿಯಿಂದ ಗಾಳಿ ದಡದತ್ತ ಬೀಸುತ್ತಲೇ ಇದ್ದರೆ ನೂರಾರು ಒಟ್ಟಿಗೆ ಬಂದು ಬೀಳುತ್ತವೆ. 2018ರ ಆಗಸ್ಟಿನಲ್ಲಿ ಮುಂಬಯಿಯ ಗಿರಗಾಂವ್, ಜುಹು ದಡಗಳಿಗೆ ಮಳೆಗಾಲದ ಗಾಳಿ ತಂದದ್ದೂ ಇವುಗಳ ಬಳಗವನ್ನೇ. ಅಲ್ಲಿ ಇವಕ್ಕೆ ಬ್ಲೂ ಬಾಟಲ್ ಎನ್ನುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇವುಗಳ ಹಾಯಿ. ಕೆಲವಕ್ಕೆ ಅದು ಎಡಕ್ಕೆ ವಾಲಿದ್ದರೆ, ಕೆಲವಕ್ಕೆ ಬಲಕ್ಕೆ. ಗಾಳಿ ಒಂದೇ ಆದರೂ ಎಡದವು ಒಂದು ದಾರಿ ಹಿಡಿಯುತ್ತವೆ, ಬಲದವು ಇನ್ನೊಂದು. ಹಾಗಾಗಿ ಒಂದು ಗಾಳಿಗೆ ಇಡೀ ಕುಲ ದಡ ಸೇರಿ ನಾಶವಾಗುವುದಿಲ್ಲ.

ಹೋದ ವರ್ಷ ಇಲ್ಲಿಗೆ ಬಂದಿದ್ದ ಅಮ್ಮನಿಗೆ ಇದನ್ನು ಹೇಳಿದೆ. ಅವರಿಗೆ ನಾವಿಬ್ಬರು ಗಂಡುಮಕ್ಕಳು. ನಾನು ಇಲ್ಲಿ, ತಮ್ಮ ತೀರ್ಥಹಳ್ಳಿಯ ಅಡಿಕೆ ತೋಟದಲ್ಲಿ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಂಗಾರೆ ಇದ್ರಲ್ಲಿ ಗೆದ್ದದ್ದು ಯಾವ್ದು ಮಾರಾಯ?"

ನನ್ನಲ್ಲಿ ಉತ್ತರವಿರಲಿಲ್ಲ. ಅಮೆರಿಕ ಸೇರಿದ ನೀನೇ ಗೆದ್ದೆ ಎನ್ನುತ್ತಾನೆ ತಮ್ಮ. ನಡುರಾತ್ರಿ ಅಮ್ಮನಿಗೆ ಉಸಿರು ಕಟ್ಟಿದಾಗ ಜೀಪು ತೆಗೆಯುವವನು ಅವನು. ನಾನು ಫೋನು ಹಿಡಿದು ಕೂರುವವನು. ಹಣ ಕಳಿಸಿದರೆ ಈ ಲೆಕ್ಕ ಸರಿಹೋಗುವುದಿಲ್ಲ ಎಂಬುದು ಇಲ್ಲಿರುವ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಆ ನೀಲಿ ಜೀವಿಗಳಿಗೆ ದಿಕ್ಕು ಬದಲಿಸುವ ಚುಕ್ಕಾಣಿಯಿಲ್ಲ. ನಮಗುಂಟು. ಈ ಸಲದ ಕೊನೆಕೊಯ್ಲಿಗೆ ಒಂದು ತಿಂಗಳ ರಜೆ ಹಾಕಿದ್ದೇನೆ. ತೋಟವನ್ನೂ ಅಮ್ಮನನ್ನೂ ನಾನು ನೋಡಿಕೊಳ್ಳುತ್ತೇನೆ. ತಮ್ಮ ಹೆಂಡತಿ ಮಕ್ಕಳೊಡನೆ ತನಗೆ ಬೇಕಾದ ಕಡೆ ಹೋಗಿಬರಲಿ.