ಮಂಜು ಕರಗುವವರೆಗೆ

ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿಗೆ ಹೋದಾಗ ಪಕ್ಕದ ಮನೆಯಾಕೆ ಪರಿಚಯವಾದರು. ಕ್ರೈಸ್ತಧರ್ಮ ಬರುವ ಮೊದಲಿನ ನಿಸರ್ಗಪೂಜೆಯನ್ನು ಮತ್ತೆ ಹಿಡಿದಿರುವ 'ಪೇಗನ್' ಪಂಥ ಅವರದು. ವರ್ಷಕ್ಕೆ ಎಂಟು ಋತುಹಬ್ಬ. ಹಬ್ಬಕ್ಕೊಮ್ಮೆ ಬಟ್ಟೆ ಚೀಲಕ್ಕೆ ಕೈಹಾಕಿ ಒಂದು ಕಲ್ಲು ತೆಗೆಯುತ್ತಾರೆ. 24 ಕಲ್ಲುಗಳ ಮೇಲೂ ರೂನ್, ಅಂದರೆ ಉತ್ತರ ಯೂರೋಪಿನ ಹಳೆಯ ಲಿಪಿಯ ಅಕ್ಷರಗಳು. 'ಫೆಹು' ಎಂದರೆ ದನಕರು, ಸಂಪತ್ತು. 'ಯೇರ' ಎಂದರೆ ವರ್ಷ, ಸುಗ್ಗಿ. 'ಈಸ' ಎಂದರೆ ಮಂಜುಗಡ್ಡೆ. ಜೊತೆಗೆ ಮರ, ಹಕ್ಕಿಗಳ ಚಿತ್ರವಿರುವ ಕಾರ್ಡುಗಳು.

ಇದೆಲ್ಲ ಅನಾದಿಯೇನಲ್ಲ. ಜರ್ಮನ್ ಜನ ಗುರುತು ಮಾಡಿದ ಕಡ್ಡಿಗಳನ್ನು ಬಿಳಿಬಟ್ಟೆಯ ಮೇಲೆ ಚೆಲ್ಲಿ, ಮೂರನ್ನೆತ್ತಿ ಶಕುನ ನೋಡುತ್ತಿದ್ದರೆಂದು ರೋಮಿನ ಟಾಸಿಟಸ್ ಕ್ರಿ.ಶ. 98ರ ಸುಮಾರಿಗೆ ಬರೆದಿದ್ದಾನೆ. ಆ ಗುರುತು ರೂನೇ ಎಂದು ಯಾರೂ ಆಣೆಯಿಟ್ಟು ಹೇಳಲಾರರು. ಎಂಟು ಹಬ್ಬಗಳನ್ನು ಒಂದು ಚಕ್ರವಾಗಿ ಜೋಡಿಸಿದ್ದು 1950ರ ದಶಕದಲ್ಲಿ. ಆಕೆಗೂ ಇದು ಗೊತ್ತಿತ್ತು.

ಡಿಸೆಂಬರಿನ ಅತಿ ದೀರ್ಘ ರಾತ್ರಿ, ಯೂಲ್ ಹಬ್ಬ. ಗಂಡ ತೀರಿಕೊಂಡು ಎರಡು ತಿಂಗಳಾಗಿತ್ತು. ಮನೆ ಮಾರಿಬಿಡು ಎಂದು ಮಗನ ಒತ್ತಾಯ. ಚೀಲದಿಂದ 'ಈಸ' ಬಂತು; ಕಾರ್ಡಿನಲ್ಲಿ ಬೋಳು ಬರ್ಚ್ ಮರ. "ಮಂಜು ಕರಗುವವರೆಗೆ ಸಹಿ ಹಾಕುವುದಿಲ್ಲ," ಎಂದು ಮಗನಿಗೆ ಫೋನಿನಲ್ಲೇ ಹೇಳಿದರು.

ಕಲ್ಲಿಗೆ ಮುಂದಿನದು ಕಾಣುತ್ತದೆಂದು ನಾನು ನಂಬುವುದಿಲ್ಲ. ಆದರೆ ದುಃಖದಲ್ಲಿರುವ ಹೆಂಗಸು 'ಸ್ವಲ್ಪ ತಡೆಯಿರಿ' ಎಂದರೆ ಕೇಳುವವರು ಯಾರು? ನಮ್ಮಲ್ಲಾದರೆ 'ವರ್ಷಾಂತಿಕ ಕಳೆಯಲಿ' ಎಂದು ಹಿರಿಯರೊಬ್ಬರು ಅಡ್ಡ ಬರುತ್ತಾರೆ. ಅವರ ಪಾಲಿಗೆ ಆ ಹಿರಿತನವನ್ನು ಒಂದು ಕಲ್ಲು ವಹಿಸಿಕೊಂಡಿತು.

ಮೇ ತಿಂಗಳ ಬೆಲ್ಟೇನ್ ಹಬ್ಬ ಕಳೆದ ಮೇಲೆ ಮಗಳ ಕಾಗದ ಬಂತು. ಪಕ್ಕದಾಕೆ ಮನೆ ಮಾರಲಿಲ್ಲವಂತೆ; ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಟ್ಟರಂತೆ.