ಚರಗದ ಬುತ್ತಿ

ಆಶ್ವೀಜ ಮಾಸದ ಹುಣ್ಣಿಮೆಯನ್ನು ನಮ್ಮ ಭಾಗದ ಒಕ್ಕಲು ಮನೆತನಗಳು ಶೀಗಿ ಹುಣ್ಣಿಮೆಯೆಂದು ಆಚರಿಸುತ್ತವೆ. ಮಲೆನಾಡಿನಲ್ಲಿ ಇದೇ ಭೂಮಿ ಹುಣ್ಣಿಮೆ. ಬೆಳೆ ತೆನೆಗಟ್ಟುವ ಈ ಕಾಲದಲ್ಲಿ ಭೂತಾಯಿ ಬಸುರಿಯಾಗಿದ್ದಾಳೆಂದು ನಮ್ಮ ಹಿರಿಯರು ಭಾವಿಸಿದರು. ಬಸುರಿಗೆ ಬಯಕೆಯೂಟ ಬಡಿಸುವಂತೆ ಹೊಲಕ್ಕೆ ಬುತ್ತಿ ಒಯ್ದು, ಪೂಜಿಸಿ, ಆ ಅನ್ನವನ್ನು ಪೈರಿನ ನಡುವೆ ಚೆಲ್ಲುವುದೇ ಚರಗ. ಇದು ಶಾಸ್ತ್ರಗ್ರಂಥಗಳಿಂದ ಬಂದ ಹಬ್ಬವಲ್ಲ. ದುಡಿಯುವವರ ಬಾಳಿನಿಂದ ಹುಟ್ಟಿದ್ದು.

ನಾವು ವಾಸಿಸುವುದು ಬೆಳಗಾವಿ ನಗರದಲ್ಲಿ. ಹೊಲವಿರುವುದು ಖಾನಾಪುರ ತಾಲೂಕಿನಲ್ಲಿ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಹರಿದು ಬರುವ ಆ ಸೀಮೆ ಭತ್ತಕ್ಕೆ ಹೆಸರಾದುದು. ಹುಣ್ಣಿಮೆಯ ನಸುಕಿನಲ್ಲೇ ನಮ್ಮ ಅತ್ತೆಯವರು ಕಡುಬು, ಹೋಳಿಗೆ, ಸಜ್ಜಿರೊಟ್ಟಿ, ಪುಂಡಿಪಲ್ಯ, ಮೊಸರನ್ನಗಳ ಬುತ್ತಿ ಕಟ್ಟುತ್ತಾರೆ. ಹೊಲದ ಬದುವಿನಲ್ಲಿ ಐದು ಕಲ್ಲುಗಳನ್ನಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸುವುದು ನಮ್ಮ ಮನೆತನದ ರೂಢಿ. ಹಿಂದೆ ಇನ್ನೊಂದು ಚಿಕ್ಕ ಕಲ್ಲು. ಅದಕ್ಕೆ ಕಳ್ಳನೆಂದು ಹೆಸರು. ಐವರಿಗೆ ಎಡೆಯಿಟ್ಟ ಮೇಲೆ ಕಳ್ಳನಿಗೂ ಎಡೆಯುಂಟು. ಬಳಿಕ ಉಳಿದ ಪಾಲು ಹಕ್ಕಿಪಕ್ಷಿ, ಇಲಿ, ಇರುವೆಗಳಿಗೆ. ಕೊನೆಗೆ ನಮಗೆ ಮತ್ತು ನಾಟಿ ಮಾಡಿದ ಹೆಣ್ಣುಮಕ್ಕಳಿಗೆ.

ಜಪಾನಿನಲ್ಲಿ ನೌಕರಿಯಲ್ಲಿರುವ ನಮ್ಮ ಮಗ ಅಲ್ಲಿಯ ಹಬ್ಬಗಳನ್ನು ದೂರವಾಣಿಯಲ್ಲಿ ವರ್ಣಿಸಿದಾಗ ನನಗೆ ಈ ಬದುವೇ ಕಣ್ಣಮುಂದೆ ಬಂದಿತು. ಹೆಚ್ಚಾಗಿ ನಮ್ಮ ಭಾದ್ರಪದ ಹುಣ್ಣಿಮೆಯ ಹೊತ್ತಿಗೇ ಅಲ್ಲಿ 'ತ್ಸುಕಿಮಿ' ಎಂಬ ಚಂದ್ರದರ್ಶನದ ಹಬ್ಬ. ಅಕ್ಕಿಹಿಟ್ಟಿನ ಬಿಳಿಯ ಉಂಡೆಗಳನ್ನು ಪೇರಿಸಿಟ್ಟು, ಭತ್ತದ ತೆನೆಯ ಬದಲಿಗೆಂಬಂತೆ 'ಸುಸುಕಿ' ಎಂಬ ಹುಲ್ಲಿನ ತೆನೆಗಳನ್ನಿಡುತ್ತಾರೆ. ಕೆಲವು ಕಡೆ ಆ ರಾತ್ರಿ ಮಕ್ಕಳು ಎಡೆಯನ್ನು ಕದ್ದು ತಿನ್ನುವ ರೂಢಿಯಿದೆ. ಯಾರೂ ಗದರಿಸುವುದಿಲ್ಲ, ಶುಭವೆಂದೇ ತಿಳಿಯುತ್ತಾರೆ. ಅಲ್ಲಿಯೂ ಕಳ್ಳನಿಗೆ ಪಾಲುಂಟು! ನವೆಂಬರ್ 23ರಂದು ಚಕ್ರವರ್ತಿಯು ಹೊಸ ಅಕ್ಕಿಯನ್ನು ದೇವತೆಗಳಿಗೆ ಅರ್ಪಿಸಿ ತಾನೂ ಉಣ್ಣುವ 'ನೀನಾಮೆ' ನಡೆಯುತ್ತದೆ. 1948ರಿಂದ ಅದೇ ದಿನ ದುಡಿಮೆಗೆ ಕೃತಜ್ಞತೆ ಸಲ್ಲಿಸುವ ರಾಷ್ಟ್ರೀಯ ರಜಾದಿನವೂ ಆಗಿದೆ. ಎಲ್ಲಿಯ ಖಾನಾಪುರ, ಎಲ್ಲಿಯ ಜಪಾನು! ಅಕ್ಕಿ ಉಣ್ಣುವ ಎರಡು ನಾಡುಗಳ ರೈತರಿಗೆ, ಒಬ್ಬರನ್ನೊಬ್ಬರು ಕಾಣದೆಯೇ, ಒಂದೇ ಬಗೆಯ ವಿಚಾರ ಹೊಳೆದಿದೆ.

ಆದರೆ ಈ ವರ್ಷ ನಮ್ಮ ಮನೆಯಲ್ಲಿ ಬೇರೆಯೇ ಮಾತು ನಡೆದಿದೆ. ಹೊಲವನ್ನು ಮಾರಬೇಕೆಂದು ಮೈದುನಂದಿರ ಅಭಿಪ್ರಾಯ. ನೋಡಿಕೊಳ್ಳುವವರಿಲ್ಲ, ಆಳು ಸಿಗುವುದಿಲ್ಲ, ಬೆಲೆಯಂತೂ ಚೆನ್ನಾಗಿ ಬಂದಿದೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ಮಾತಿನ ಭರದಲ್ಲಿ ಕಿರಿಯ ಮೈದುನರು, "ಇಷ್ಟಲಿಂಗ ಕಟ್ಟಿಕೊಂಡವರಿಗೆ ಹೊಲದ ಕಲ್ಲಿನ ಪೂಜೆ ಯಾಕವ್ವಾ?" ಎಂದರು.

ಅತ್ತೆಯವರು ಸಿಟ್ಟಾಗಲಿಲ್ಲ. "ಕೊರಳಾಗಿನ ಲಿಂಗಕ್ಕ ದಿನಾ ಪೂಜಾ ಐತೆಪಾ. ಇದು ನಾವು ಉಣ್ಣೂಕಿಂತ ಮೊದಲ ಮಂದಿಗೆ ನೀಡೂದು. ಹೊಲಾ ಬೇಕಾದ್ರ ಮಾರ್ರಿ. ಆದ್ರ ಮೂವತ್ತು ವರ್ಷ ನಾಟಿ ಹಚ್ಚಿದಾಕಿಗೆ ಮುಂದಿನ ಶೀಗಿ ಹುಣ್ಣಿವಿಗೆ ಬುತ್ತಿ ಎಲ್ಲಿ ಕುಂದ್ರಿಸಿ ನೀಡ್ಲಿ, ಅದನ್ನಷ್ಟ ಹೇಳ್ರಿ" ಎಂದರು. ಯಾರೂ ಉತ್ತರ ಕೊಡಲಿಲ್ಲ.

ಶರಣರು ದಾಸೋಹವೆಂದುದಕ್ಕೂ ಅತ್ತೆಯವರು ನೀಡುವುದೆಂದುದಕ್ಕೂ ಅಂತರ ನನಗೆ ಕಾಣದು. ಕಾಯಕದಿಂದ ಬಂದುದನ್ನು ಹಂಚದೆ ಉಣ್ಣಬಾರದೆಂಬುದೇ ಎರಡರ ಸಾರ. ಕಲ್ಲಿಗೆ ಸುಣ್ಣ ಹಚ್ಚುವುದನ್ನು ಬಿಟ್ಟರೂ ಬಿಡಬಹುದು. ಕಳ್ಳನ ಎಡೆಯನ್ನು, ನಾಟಿಯವಳ ಬುತ್ತಿಯನ್ನು ಬಿಡಲಾಗದು.

ವ್ಯವಹಾರ ಇನ್ನೂ ಮುಗಿದಿಲ್ಲ. ಎಂಬತ್ತು ದಾಟಿದ ಅತ್ತೆಯವರ ಕೈಯಿಂದ ಸಜ್ಜಿರೊಟ್ಟಿ ಬಡಿಯುವುದನ್ನು ನಾನು ಕಲಿತಿದ್ದೇನೆ. ಹೊಲವಿರುವ ಬಂಧುಗಳು ಈ ಹುಣ್ಣಿಮೆಗೆ ಮಕ್ಕಳನ್ನು ಜೊತೆಗೆ ಕರೆದೊಯ್ಯಲಿ. ಹೊಲವಿಲ್ಲದವರು ತಮ್ಮ ಅನ್ನದ ಹಿಂದೆ ದುಡಿದ ಒಂದು ಜೀವವನ್ನಾದರೂ ಕರೆದು ಉಣಬಡಿಸಲಿ.